ದಂಡಿನ ಬಾಕಿಗೆ ಬಂದ ಸೀಮೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆ ಹೊಲದ ಮಾತು ಬಂದರೆ ಎಕರೆಯ ಬೆನ್ನಿಗೇ ಗುಂಟೆ ಬರುತ್ತದೆ. ಉದ್ದಕ್ಕೆ ಮೂವತ್ತಮೂರು ಅಡಿ, ಅಗಲಕ್ಕೆ ಅಷ್ಟೇ. ಅಂಥ ನಲವತ್ತು ಸೇರಿದರೆ ಒಂದು ಎಕರೆ. ಆ 33 ಅಡಿಯ ಸರಪಳಿ ಹಿಡಿದು ಈ ಸೀಮೆಯನ್ನು ಅಳೆಸಿದ ಕಚೇರಿ ಹುಟ್ಟಿದ್ದು ಯುದ್ಧದ ಲೆಕ್ಕ ಚುಕ್ತಾ ಮಾಡುವಾಗ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಗೆದ್ದವರು ಟಿಪ್ಪುವಿನ ರಾಜ್ಯವನ್ನು ಹಂಚಿಕೊಂಡರು. ಹರಪನಹಳ್ಳಿಯನ್ನು ಮೊದಲು ಪೇಶ್ವೆಯ ಪಾಲಿಗೆಂದು ತೆಗೆದಿಟ್ಟಿದ್ದರು. ಪೇಶ್ವೆ ಷರತ್ತಿಗೆ ಒಪ್ಪಲಿಲ್ಲ. ಇತ್ತ ಹೈದರಾಬಾದಿನ ನಿಜಾಮ ತನ್ನಲ್ಲಿ ಇರಿಸಿಕೊಂಡಿದ್ದ ಕಂಪನಿಯ ದಂಡಿಗೆ ಖರ್ಚು ಕೊಡಬೇಕಿತ್ತು. 1800ರ ಅಕ್ಟೋಬರ್ 12ರ ಒಪ್ಪಂದದಲ್ಲಿ ನಗದಿನ ಬದಲು ನೆಲವನ್ನೇ ಬರೆದುಕೊಟ್ಟ. 1792 ಮತ್ತು 1799ರ ಯುದ್ಧಗಳಿಂದ ತನಗೆ ದಕ್ಕಿದ್ದ ತುಂಗಭದ್ರೆಯ ದಕ್ಷಿಣದ ಸೀಮೆಯೆಲ್ಲ ಸಿಪಾಯಿಗಳ ಸಂಬಳದ ಬಾಬತ್ತಿಗೆ ಹೋಯಿತು. ಅದೇ ದತ್ತ ಮಂಡಲ. ಹಡಗಲಿಯ ರೈತನನ್ನಾಗಲಿ ಹರಪನಹಳ್ಳಿಯ ಬೇಡನಾಯಕನನ್ನಾಗಲಿ ಯಾರೂ ಕೇಳಲಿಲ್ಲ. ಈ ನೋವನ್ನು ನಮ್ಮ ಚರಿತ್ರೆಯ ಪಾಠಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ.

ಲೆಕ್ಕ ನೋಡಲು ಬಂದವನೂ ದಂಡಿನವನೇ, ಥಾಮಸ್ ಮನ್ರೋ. 1780ರಲ್ಲಿ ಮದ್ರಾಸಿಗೆ ಬಂದಿಳಿದು ಹೈದರನ ಮೇಲಿನ ಯುದ್ಧದಲ್ಲಿ ಕಾದಿದವ. ಕಂದಾಯದ ಕೆಲಸ ಕಲಿತದ್ದು ಬಾರಾಮಹಲಿನಲ್ಲಿ. ಶ್ರೀರಂಗಪಟ್ಟಣದ ಹಂಚಿಕೆಯ ಆಯೋಗಕ್ಕೆ ಕಾರ್ಯದರ್ಶಿಯಾಗಿದ್ದು, ಆಮೇಲೆ ಕೆನರಾಕ್ಕೆ ಹೋಗಿ, 1800ರ ಕೊನೆಗೆ ಇಲ್ಲಿಗೆ ಬಂದ. ಕಚೇರಿ ಎಂದರೆ ಬಹುಪಾಲು ಡೇರೆ. ಜಮಾಬಂದಿಗೆ ಊರಿಂದೂರಿಗೆ ಹೊರಟರೆ ದಫ್ತರವೂ ಗಾಡಿ ಏರುತ್ತಿತ್ತು.

ಊರಿನ ಶಾನುಭೋಗರ ಕೈಯಲ್ಲಿ ಇರುತ್ತಿದ್ದುದು ಕಡತ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ ಕರಿ ಪುಸ್ತಕ. ಬಳಪದಲ್ಲಿ ಬರೆದರೆ ವರಹ, ಹಣಗಳ ಅಂಕಿ ಬೆಳ್ಳಗೆ ಎದ್ದು ಕಾಣುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಕರಿ ಹಾಳೆ. ಹರಪನಹಳ್ಳಿ ಹತ್ತಿರದ ಬಾಗಳಿಯ ಕಲ್ಲೇಶ್ವರ ಗುಡಿಯ ನುಣುಪು ಕಂಬಗಳನ್ನು ಮುಟ್ಟಿದಾಗಲೆಲ್ಲ ನನಗೆ ಈ ಕಡತ ನೆನಪಾಗುತ್ತದೆ. ಆ ಕಂಬಗಳೂ ಬಳಪದ ಕಲ್ಲೇ.

ಅಳತೆ 1802ರಲ್ಲಿ ಶುರುವಾಯಿತು. ಕಂದಾಯ ಇಡೀ ಊರಿನ ಮೇಲೆ ಒಟ್ಟಾಗಿ ಬೀಳುವ ಬದಲು ಒಬ್ಬೊಬ್ಬ ರೈತನ ಹೆಸರಿಗೆ, ಒಂದೊಂದು ಹೊಲಕ್ಕೆ ಕುಳವಾರು ಗೊತ್ತಾಯಿತು. ಅದೇ ಹೊತ್ತಿಗೆ ಮಳೆ ಕೈಕೊಟ್ಟಿತು. ಮರಾಠರ ಮೇಲೆ ಹೊರಟ ವೆಲ್ಲೆಸ್ಲಿಯ ದಂಡಿಗೆ ಎತ್ತು, ಕಾಳು ಹೊಂದಿಸುವ ಹೊರೆಯೂ ಈ ಸೀಮೆಯ ಮೇಲೇ ಬಿತ್ತು. ಹೊರಡುವ ಮುನ್ನ, 1807ರಲ್ಲಿ, ಈ ದರ ರೈತರಿಗೆ ಹೆಚ್ಚು, ನೂರಕ್ಕೆ ಇಪ್ಪತ್ತೈದು ಇಳಿಸಿ ಎಂದು ಮನ್ರೋ ಬರೆದ. ಅವನ ಬಗ್ಗೆ ನನಗೆ ಗೌರವ ಮೂಡಿಸುವುದು ಆ ಒಂದು ವರದಿ.

ಮೇಲಿನವರು ಆಗ ಕೇಳಲಿಲ್ಲ. ಮರುವರ್ಷ ದತ್ತ ಮಂಡಲವನ್ನು ಬಳ್ಳಾರಿ, ಕಡಪ ಎಂದು ಎರಡು ಜಿಲ್ಲೆ ಮಾಡಿದರು. ದರ ಇಳಿಯಲು ಮನ್ರೋ ಮದ್ರಾಸಿನ ಗವರ್ನರನಾಗಿ ಮರಳಿ ಬರುವ ತನಕ, ಹತ್ತು ವರ್ಷಕ್ಕೂ ಹೆಚ್ಚು ಕಾಲ, ರೈತರು ಕಾಯಬೇಕಾಯಿತು.