ಸಾಲವೂ ಆಲೋಚನೆಯೂ

ಜೈನಶಾಸ್ತ್ರವು ಹೇಳುವ ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನೆ. ಅಂದರೆ ತನ್ನ ದೋಷವನ್ನು ಗುರುವಿನ ಮುಂದೆ ಮುಚ್ಚುಮರೆಯಿಲ್ಲದೆ ನಿವೇದಿಸುವುದು. ಈ ನಿವೇದನೆಯಲ್ಲಿ ಹತ್ತು ದೋಷಗಳು ನುಸುಳಬಹುದೆಂದು ಆಚಾರ್ಯರು ಎಚ್ಚರಿಸಿದ್ದಾರೆ. ಅನ್ಯರು ಕಂಡ ತಪ್ಪನ್ನಷ್ಟೇ ಒಪ್ಪಿ ಉಳಿದುದನ್ನು ಮರೆಮಾಚುವುದು ‘ದೃಷ್ಟ’ ದೋಷ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ‘ಬಾದರ’ ದೋಷ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಹತ್ತಿ, ತೊಗರಿಯನ್ನು ನಂಬಿ ಸಾಲ ಮಾಡಿದ ಕುಟುಂಬಕ್ಕೆ ಮಳೆ ಕೈಕೊಟ್ಟರೆ, ಬೆಲೆ ಕುಸಿದರೆ ದಿಕ್ಕು ತೋಚದು. ಸಾಲ ತೀರಿಸಲಾಗದವನು 1920ರ ಪ್ರಾಂತೀಯ ದಿವಾಳಿ ಕಾಯ್ದೆಯಡಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವಾಗ ತನ್ನ ಎಲ್ಲ ಸಾಲ, ಸಾಲ ಕೊಟ್ಟವರ ಹೆಸರು, ಸ್ವತ್ತುಗಳ ವಿವರ ನೀಡಬೇಕು. ಬ್ಯಾಂಕಿನ ಸಾಲವನ್ನು ಬರೆದು ನೆಂಟರ ಕೈಗಡವನ್ನು ಬಿಟ್ಟರೆ ಅದೂ ಬಾದರ ದೋಷವೇ.

ಮುಂದೆ ಬಿಡುಗಡೆ ಕೋರುವಾಗ ಸಾಲದ ಕಾರಣವೂ ಪರಿಶೀಲನೆಗೆ ಬರುತ್ತದೆ. ಆಸ್ತಿಯು ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಇಲ್ಲದಿದ್ದರೆ, ಅದಕ್ಕೆ ತಾನು ಹೊಣೆಯಲ್ಲವೆಂದು ಆತ ಮನವರಿಕೆ ಮಾಡಿಕೊಡಬೇಕು. ಜೂಜು, ಅನುಚಿತ ದುಂದುವೆಚ್ಚ, ದುಡುಕಿನ ಸಟ್ಟಾ ವ್ಯವಹಾರಗಳಿಂದ ದಿವಾಳಿಯಾದವನಿಗೆ ಷರತ್ತಿಲ್ಲದ ಬಿಡುಗಡೆ ದೊರೆಯದು.

ಬರಗಾಲಕ್ಕೆ ರೈತನು ನಾಚಬೇಕಿಲ್ಲ. ಆದರೆ ಲೋಭಕ್ಕೆ ಬರಗಾಲದ ಹೆಸರಿಡಬಾರದು. ಕಾನೂನು ಹಣದ ಋಣವನ್ನು ಬಿಡಿಸೀತು. ಮತ್ತೆ ಅದೇ ಹಾದಿ ತುಳಿಯದಂತೆ ಕಾಯುವುದು ಪರಿಗ್ರಹ ಪರಿಮಾಣ ವ್ರತ. ತನ್ನ ಆಸೆಯ ಎಲ್ಲೆಯನ್ನು ತಾನೇ ಗೊತ್ತುಮಾಡಿಕೊಂಡ ಶ್ರಾವಕನಿಗೆ ಲೆಕ್ಕ ಒಪ್ಪಿಸುವ ಅಂಜಿಕೆಯಿಲ್ಲ.