ಬ್ರೌಸರು ಕುಸಿದು ಬೀಳುವುದೇಕೆ?

ಮುಂಗಾರು ಮಳೆ ಹಿಡಿದ ದಿನಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ವಿದ್ಯಾರ್ಥಿಗಳು ವಿದ್ಯುತ್ತನ್ನಾಗಲಿ ಅಂತರ್ಜಾಲವನ್ನಾಗಲಿ ಹೆಚ್ಚಾಗಿ ನಂಬುವಂತಿಲ್ಲ. ಮರ ಬಿದ್ದು ತಂತಿ ಹರಿಯುವುದು, ಮೊಬೈಲ್ ಗೋಪುರಕ್ಕೆ ವಿದ್ಯುತ್ತು ತಪ್ಪುವುದು ಮಲೆನಾಡಿನಲ್ಲಿ ಹೊಸ ಸಂಗತಿಗಳಲ್ಲ. 2020ರಲ್ಲಿ ಶಾಲಾ ಕಾಲೇಜುಗಳು ಮುಚ್ಚಿದ್ದಾಗ ಮಲೆನಾಡಿನ ಅನೇಕ ಹಳ್ಳಿಗಳ ಮಕ್ಕಳು ಸಿಗ್ನಲ್ ದೊರೆಯುವ ಗುಡ್ಡವನ್ನು ಹುಡುಕಿಕೊಂಡು ಹೋಗಿ ಪಾಠ ಕೇಳಿದುದು ಎಲ್ಲರಿಗೂ ತಿಳಿದ ವಿಷಯವೇ. ಈ ಅನುಭವದ ಫಲವಾಗಿ ನಮ್ಮಲ್ಲಿ ಒಂದು ಅಭ್ಯಾಸ ಬೆಳೆದಿದೆ. ಗಣಕಯಂತ್ರದ ಪರದೆಯ ಮೇಲೆ ಯಾವ ಕೆಲಸ ನಿಂತರೂ 'ನೆಟ್‌ವರ್ಕ್ ಇಲ್ಲ' ಎಂದು ಹೇಳಿ ನಾವು ಸುಮ್ಮನಾಗಿಬಿಡುತ್ತೇವೆ.

ಆದರೆ ನಿಂತುಹೋದುದೆಲ್ಲವೂ ನೆಟ್‌ವರ್ಕಿನ ದೋಷವಲ್ಲ. ಸಂಪರ್ಕ ತಪ್ಪಿದಾಗ ಬ್ರೌಸರು ಬದುಕಿರುತ್ತದೆ. ಪುಟ ದೊರೆಯಲಿಲ್ಲವೆಂದು ನಮಗೆ ತಿಳಿಸುತ್ತದೆ. ವೀಡಿಯೊ ನಿಂತು ಅದರ ನಡುವೆ ಒಂದು ಚಕ್ರ ತಿರುಗುತ್ತಿದ್ದರೆ ಅದೂ ಸಾಮಾನ್ಯವಾಗಿ ಸಂಪರ್ಕದ ಕೊರತೆಯೇ. ಇದಕ್ಕೆ ಬದಲಾಗಿ ಬ್ರೌಸರಿನ ಕಿಟಕಿಯೇ ಕಣ್ಮರೆಯಾದರೆ, ಅಥವಾ ಪುಟ ಬಿಳಿಚಿಕೊಂಡು 'ಈ ಟ್ಯಾಬು ಕುಸಿಯಿತು' ಎಂಬರ್ಥದ ಸೂಚನೆ ಬಂದರೆ, ಆಗ ದೋಷ ನಮ್ಮ ಯಂತ್ರದೊಳಗೇ ಇದೆ. ಇದನ್ನೇ 'ಕ್ರ್ಯಾಶ್' ಎನ್ನುತ್ತಾರೆ. ವಿದ್ಯಾರ್ಥಿಗೆ ಇದರಿಂದಾಗುವ ನಷ್ಟ ಅಲ್ಪವಲ್ಲ. ಪ್ರವೇಶ ಪರೀಕ್ಷೆಗಾಗಲಿ ವಿದ್ಯಾರ್ಥಿವೇತನಕ್ಕಾಗಲಿ ಅರ್ಜಿಯನ್ನು ಇಂದು ಬ್ರೌಸರಿನಲ್ಲಿಯೇ ತುಂಬಬೇಕು. ಕಡೆಯ ದಿನದ ಸಂಜೆ ಅರ್ಧ ತುಂಬಿದ ಅರ್ಜಿ ಬ್ರೌಸರಿನೊಡನೆ ಮಾಯವಾದರೆ ಮಳೆಯನ್ನು ಬೈದು ಫಲವೇನು? ಆದುದರಿಂದ ಈ ಕುಸಿತ ಹೇಗೆ ಸಂಭವಿಸುತ್ತದೆ, ಅದರ ಮೂಲವನ್ನು ಹುಡುಕುವ ಕ್ರಮವೇನು ಎಂಬುದನ್ನು ಈಗ ವಿಚಾರಿಸೋಣ.

ಕುಸಿತವೆಂದರೇನು?

ಗಣಕಯಂತ್ರದಲ್ಲಿ ಏಕಕಾಲಕ್ಕೆ ಹಲವು ಪ್ರೋಗ್ರಾಮುಗಳು ನಡೆಯುತ್ತಿರುತ್ತವೆ. ಇವುಗಳಿಗೆಲ್ಲ ಯಜಮಾನನಂತಿರುವ ಕಾರ್ಯಾಚರಣ ವ್ಯವಸ್ಥೆಯು ಪ್ರತಿಯೊಂದಕ್ಕೂ ಮೆಮೊರಿಯಲ್ಲಿ ಇಷ್ಟು ಜಾಗವೆಂದು ಗೆರೆ ಹಾಕಿ ಕೊಡುತ್ತದೆ. ಯಾವುದಾದರೊಂದು ಪ್ರೋಗ್ರಾಮು ತನ್ನದಲ್ಲದ ಜಾಗದಲ್ಲಿ ಓದಲು ಅಥವಾ ಬರೆಯಲು ಹೊರಟರೆ ವ್ಯವಸ್ಥೆಯು ಅದನ್ನು ಆ ಕ್ಷಣದಲ್ಲಿಯೇ ನಿಲ್ಲಿಸಿಬಿಡುತ್ತದೆ. ನಮ್ಮ ಕಣ್ಣಿಗೆ ಕುಸಿತವಾಗಿ ಕಾಣುವುದು ಬಹುಮಟ್ಟಿಗೆ ಈ ಶಿಕ್ಷೆಯೇ. ಕೆಲವು ಸಲ ಮೆಮೊರಿಯೆಲ್ಲ ತುಂಬಿ, ಇನ್ನು ಕೊಡಲು ಜಾಗವಿಲ್ಲದೆಯೂ ಪ್ರೋಗ್ರಾಮು ಸಾಯುವುದುಂಟು.

ಹೊರಗಿನವರು ಬರೆದ ತಂತ್ರಾಂಶವನ್ನು ಬ್ರೌಸರು ತನ್ನೊಳಗೆ ಸೇರಿಸಿಕೊಂಡಾಗ ಈ ಅಪಾಯ ಹೆಚ್ಚುತ್ತದೆ. ಹೀಗೆ ಸೇರುವವುಗಳಲ್ಲಿ ಎರಡು ಬಗೆ. ಮೊದಲನೆಯದು ಪ್ಲಗಿನ್. ಬ್ರೌಸರಿಗೆ ಸ್ವತಃ ತಿಳಿಯದ ಧ್ವನಿ, ಚಲನಚಿತ್ರ ಮುಂತಾದ ಮಾಧ್ಯಮಗಳನ್ನು ನುಡಿಸಿ ತೋರಿಸುವುದು ಇದರ ಕೆಲಸ. ಎರಡನೆಯದು ಎಕ್ಸ್‌ಟೆನ್ಷನ್, ಅಂದರೆ ವಿಸ್ತರಣೆ. ಜಾಹೀರಾತುಗಳನ್ನು ತಡೆಯುವುದು, ಪುಟವನ್ನು ಭಾಷಾಂತರಿಸುವುದು, ಗುಪ್ತಪದಗಳನ್ನು ಜ್ಞಾಪಕವಿಡುವುದು ಮೊದಲಾದ ಹೊಸ ಸೌಕರ್ಯಗಳನ್ನು ಇದು ಬ್ರೌಸರಿಗೆ ಜೋಡಿಸುತ್ತದೆ.

ಪ್ಲಗಿನ್ನುಗಳ ಕಾಲ

ಪ್ಲಗಿನ್ನುಗಳು ಬಂದುದು 1990ರ ದಶಕದ ನಡುವಿನಲ್ಲಿ, ನೆಟ್‌ಸ್ಕೇಪ್ ಎಂಬ ಬ್ರೌಸರಿನೊಡನೆ. ಅಂದಿನ ಬ್ರೌಸರುಗಳು ಅಕ್ಷರಗಳನ್ನೂ ನಿಶ್ಚಲ ಚಿತ್ರಗಳನ್ನೂ ತೋರಿಸಬಲ್ಲವಾಗಿದ್ದುವೇ ಹೊರತು ವೀಡಿಯೊ ಅವುಗಳ ಶಕ್ತಿಗೆ ಮೀರಿದುದಾಗಿತ್ತು. ರಿಯಲ್‌ಪ್ಲೇಯರ್, ಕ್ವಿಕ್‌ಟೈಮ್, ಫ್ಲಾಶ್ ಮುಂತಾದ ಪ್ಲಗಿನ್ನುಗಳು ಈ ಕೊರತೆಯನ್ನು ತುಂಬಿದುವು. 2005ರಲ್ಲಿ ಆರಂಭವಾದ ಯೂಟ್ಯೂಬ್ ಕೂಡ ಮೊದಲು ಫ್ಲಾಶನ್ನೇ ಆಶ್ರಯಿಸಿತ್ತು.

ವೀಡಿಯೊ ತೋರಿಸುವುದು ಅಷ್ಟೇನು ಕಷ್ಟ ಎಂದು ಕೆಲವರು ಕೇಳಬಹುದು. ಸ್ವಲ್ಪ ಲೆಕ್ಕ ಹಾಕೋಣ. 1920 ಚುಕ್ಕೆ ಅಗಲ, 1080 ಚುಕ್ಕೆ ಎತ್ತರದ ಒಂದು ಚಿತ್ರದಲ್ಲಿ 20,73,600 ಚುಕ್ಕೆಗಳಿರುತ್ತವೆ. ಚುಕ್ಕೆಯೊಂದರ ಬಣ್ಣಕ್ಕೆ 3 ಬೈಟುಗಳಂತೆ ಒಂದು ಚಿತ್ರಕ್ಕೆ 62,20,800 ಬೈಟುಗಳು ಬೇಕು. ಸೆಕೆಂಡಿಗೆ 30 ಚಿತ್ರಗಳು ಓಡಬೇಕಾದರೆ 18 ಕೋಟಿ 66 ಲಕ್ಷ ಬೈಟುಗಳಾದುವು! ಇಷ್ಟನ್ನೂ ತಂತಿಯ ಮೂಲಕ ಕಳುಹಿಸುವುದು ಅಸಾಧ್ಯವಾದುದರಿಂದ, ಅದನ್ನು ಸೆಕೆಂಡಿಗೆ ಐದಾರು ಲಕ್ಷ ಬೈಟುಗಳಷ್ಟಕ್ಕೆ ಅಡಕಮಾಡಿ ಕಳುಹಿಸುತ್ತಾರೆ. ಹೀಗೆ ಅಡಕವಾದುದನ್ನು ಮತ್ತೆ ಬಿಡಿಸಿ, ತಕ್ಕ ಕ್ಷಣದಲ್ಲಿ ಪರದೆಯ ಮೇಲೆ ಇಡುವ ತಂತ್ರಾಂಶವು ಬಹು ಜಟಿಲವಾದುದು. ಅದರ ಲೆಕ್ಕದಲ್ಲಿ ಒಂದು ಸಣ್ಣ ತಪ್ಪಾದರೂ ಮೆಮೊರಿಯ ಗೆರೆ ದಾಟಿದಂತಾಗುತ್ತದೆ.

ಆ ಕಾಲದಲ್ಲಿ ಪ್ಲಗಿನ್ ಬ್ರೌಸರಿನ ಮೆಮೊರಿಯೊಳಗೇ ವಾಸಿಸುತ್ತಿತ್ತು. ಆದುದರಿಂದ ಅದು ಗೆರೆ ದಾಟಿದರೆ ಶಿಕ್ಷೆ ಇಡೀ ಬ್ರೌಸರಿಗೆ! ಒಂದು ಮೂಲೆಯ ಜಾಹೀರಾತಿನ ದೋಷಕ್ಕಾಗಿ ತೆರೆದಿದ್ದ ಹತ್ತು ಪುಟಗಳೂ ಒಟ್ಟಿಗೆ ನಾಶವಾಗುತ್ತಿದ್ದುವು. ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ 2010ರಲ್ಲಿ ಪ್ರಕಟಿಸಿದ ಒಂದು ಬಹಿರಂಗ ಪತ್ರದಲ್ಲಿ, ತಮ್ಮ ಮ್ಯಾಕ್ ಗಣಕಗಳು ಕುಸಿಯುವುದಕ್ಕೆ ಫ್ಲಾಶೇ ಮೊದಲ ಕಾರಣವೆಂದು ಬರೆದರು.

ಗೊನೆಗೊಂದು ಕೊಟ್ಟೆ

ಈ ತೊಂದರೆಗೆ ಕಂಡುಹಿಡಿದ ಪರಿಹಾರವನ್ನು ನಮ್ಮ ಅಡಕೆ ತೋಟದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬರುತ್ತದೆ. ಒಂದು ಗೊನೆಗೆ ತಗುಲಿದ ರೋಗ ಮಳೆಯ ತುಂತುರಿನೊಡನೆ ಪಕ್ಕದ ಗೊನೆಗೂ ಹಬ್ಬುತ್ತದೆ. ಇದನ್ನು ತಡೆಯಲು ಬೋರ್ಡೋ ದ್ರಾವಣವನ್ನು ಸಿಂಪಡಿಸುವುದಲ್ಲದೆ, ಗೊನೆಗಳಿಗೆ ಕೊಟ್ಟೆ ಕಟ್ಟುವ ಪದ್ಧತಿಯೂ ಮಲೆನಾಡಿನಲ್ಲಿ ಹಿಂದಿನಿಂದ ಬಂದಿದೆ. ಕೊಟ್ಟೆಯೊಳಗಿನ ಗೊನೆ ಬೇರೆ, ಹೊರಗಿನ ಮಳೆ ಬೇರೆ.

ಬ್ರೌಸರುಗಳಲ್ಲಿಯೂ ಹೀಗೆಯೇ ಮಾಡಿದರು. 2008ರಲ್ಲಿ ಹೊರಬಂದ ಕ್ರೋಮ್, ಪುಟಗಳನ್ನೂ ಪ್ಲಗಿನ್ನುಗಳನ್ನೂ ಬೇರೆ ಬೇರೆ ಪ್ರೋಗ್ರಾಮುಗಳಂತೆ ಪ್ರತ್ಯೇಕ ಮೆಮೊರಿಯಲ್ಲಿ ನಡೆಸತೊಡಗಿತು. ಫೈರ್‌ಫಾಕ್ಸ್ 2010ರಲ್ಲಿ ಫ್ಲಾಶ್ ಮೊದಲಾದ ಪ್ಲಗಿನ್ನುಗಳನ್ನು ಪ್ರತ್ಯೇಕಿಸಿತು. ಅಂದಿನಿಂದ ಪ್ಲಗಿನ್ ಸತ್ತರೆ ಅದು ಮಾತ್ರ ಸಾಯುತ್ತದೆ. ಉಳಿದ ಪುಟಗಳು ಬದುಕುತ್ತವೆ. ಆದರೆ ಕೊಟ್ಟೆ ಕಟ್ಟಲು ಕೂಲಿ ಬೇಕಾಗುವಂತೆ ಈ ರಕ್ಷಣೆಗೂ ಬೆಲೆ ಉಂಟು. ಪ್ರತಿಯೊಂದು ಪ್ರತ್ಯೇಕ ಭಾಗವೂ ತನ್ನ ಪಾಲಿನ ಮೆಮೊರಿಯನ್ನು ಬೇಡುತ್ತದೆ. ಕಡಮೆ ಮೆಮೊರಿಯ ಹಳೆಯ ಗಣಕದಲ್ಲಿ ಇಪ್ಪತ್ತು ಮೂವತ್ತು ಟ್ಯಾಬುಗಳನ್ನು ತೆರೆದಿಟ್ಟರೆ ಅದು ಉಸಿರುಕಟ್ಟಿದಂತಾಗುವುದು ಈ ಕಾರಣದಿಂದಲೇ.

ಕ್ರಮೇಣ ವೀಡಿಯೊ ತೋರಿಸುವ ಕೆಲಸವನ್ನು ಬ್ರೌಸರುಗಳೇ ಕಲಿತುವು. 2015ರಲ್ಲಿ ಯೂಟ್ಯೂಬ್ ಫ್ಲಾಶನ್ನು ಬಿಟ್ಟು ಈ ಹೊಸ ವಿಧಾನವನ್ನೇ ಮುಖ್ಯವಾಗಿ ಅಂಗೀಕರಿಸಿತು. ಅದೇ ವರ್ಷ ಕ್ರೋಮ್ ಹಳೆಯ ಬಗೆಯ ಪ್ಲಗಿನ್ನುಗಳಿಗೆ ಬಾಗಿಲು ಮುಚ್ಚಿತು. 2020ರ ಡಿಸೆಂಬರ್ 31ಕ್ಕೆ ಫ್ಲಾಶಿನ ಆಯುಸ್ಸು ಮುಗಿಯಿತು. ಆದುದರಿಂದ 'ಈ ವೀಡಿಯೊ ನೋಡಲು ಫ್ಲಾಶ್ ಹಾಕಿಕೊಳ್ಳಿ' ಎಂದು ಇಂದು ಯಾವ ಪುಟವಾದರೂ ಕೇಳಿದರೆ ಅದನ್ನು ಮೋಸವೆಂದೇ ತಿಳಿದು ಕೂಡಲೆ ಮುಚ್ಚಬೇಕು.

ಇಂದಿನ ಸಂದೇಹಾಸ್ಪದರು

ಹಾಗಾದರೆ ಈಗ ಕುಸಿತಕ್ಕೆ ಕಾರಣಗಳಾವುವು? ಮುಖ್ಯವಾಗಿ ಮೂರನ್ನು ಹೆಸರಿಸಬಹುದು.

ಮೊದಲನೆಯದು ವಿಸ್ತರಣೆಗಳು. ಎರಡು ವಿಸ್ತರಣೆಗಳು ಒಂದೇ ಪುಟವನ್ನು ತಮ್ಮ ತಮ್ಮ ಇಚ್ಛೆಯಂತೆ ತಿದ್ದಲು ಹೊರಟರೆ ಪುಟ ಸ್ತಬ್ಧವಾಗಬಹುದು. ಕೆಟ್ಟ ರೀತಿಯಲ್ಲಿ ಬರೆದ ವಿಸ್ತರಣೆ ಮೆಮೊರಿಯನ್ನು ನುಂಗುತ್ತ ಹೋಗಬಹುದು. ಎರಡನೆಯದು ಚಿತ್ರಸಂಸ್ಕಾರಕ, ಅಂದರೆ ಗ್ರಾಫಿಕ್ಸ್ ಭಾಗ. ಮೇಲೆ ಲೆಕ್ಕ ಹಾಕಿದ ಕೋಟಿಗಟ್ಟಲೆ ಬೈಟುಗಳ ಕೆಲಸವನ್ನು ಬ್ರೌಸರು ಈ ಭಾಗಕ್ಕೆ ಒಪ್ಪಿಸುತ್ತದೆ. ಅದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಹಳೆಯದಾಗಿದ್ದರೆ ವೀಡಿಯೊ ನೋಡುವಾಗ ಮಾತ್ರ ಕುಸಿತ ಕಾಣಿಸಿಕೊಳ್ಳುತ್ತದೆ. ಮೂರನೆಯದು ಇಂದಿಗೂ ಉಳಿದಿರುವ ಮಾಧ್ಯಮ ಘಟಕಗಳು. ಹಣ ಕೊಟ್ಟು ನೋಡುವ ಚಲನಚಿತ್ರಗಳ ಬೀಗ ತೆಗೆಯಲು ವೈಡ್‌ವೈನ್ ಎಂಬ ಘಟಕವು ಬ್ರೌಸರಿನಲ್ಲಿ ಇರುತ್ತದೆ. ಇತರ ವೀಡಿಯೊಗಳೆಲ್ಲ ನಡೆದು ಇಂಥವು ಮಾತ್ರ ಕೆಟ್ಟರೆ ಸಂದೇಹವು ಅದರ ಮೇಲೆ ಹೋಗಬೇಕು.

ಪತ್ತೆಮಾಡುವ ಕ್ರಮ

ಸಂದೇಹಗಳಿದ್ದರೆ ಸಾಲದು, ಪರೀಕ್ಷೆ ಬೇಕು. ಹಲವರು ಬ್ರೌಸರು ಕುಸಿದೊಡನೆ ಅದನ್ನು ಕಿತ್ತುಹಾಕಿ, ಮತ್ತೆ ಹಾಕಿ, ನಾಲ್ಕಾರು ಹೊಂದಿಕೆಗಳನ್ನು ಒಟ್ಟಿಗೆ ಬದಲಿಸುತ್ತಾರೆ. ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯುವುದಿಲ್ಲ. ಮರಳಿ ಬಂದರೆ ಮೊದಲಿನಂತೆಯೇ ಕತ್ತಲು. ಪ್ರಯೋಗಶಾಲೆಯಲ್ಲಿ ನಾವು ಕಲಿತ ನಿಯಮವೇ ಇಲ್ಲಿಯೂ ದಾರಿದೀಪ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು.

ಮೊದಲು ಬ್ರೌಸರನ್ನೂ ಕಾರ್ಯಾಚರಣ ವ್ಯವಸ್ಥೆಯನ್ನೂ ಹೊಸ ಆವೃತ್ತಿಗೆ ತಂದು, ಗಣಕವನ್ನು ಒಮ್ಮೆ ನಿಲ್ಲಿಸಿ ಮತ್ತೆ ಆರಂಭಿಸಬೇಕು. ತಿಳಿದ ದೋಷಗಳನ್ನು ತಯಾರಕರು ಈಗಾಗಲೇ ತಿದ್ದಿರಬಹುದು. ಅನಂತರ ಯಾವ ಪುಟದಲ್ಲಿ, ಏನು ಮಾಡುತ್ತಿದ್ದಾಗ ಕುಸಿಯಿತೆಂಬುದನ್ನು ಕಾಗದದ ಮೇಲೆ ಬರೆದಿಡಬೇಕು.

ಎರಡನೆಯ ಹೆಜ್ಜೆಯಾಗಿ ಅದೇ ಪುಟವನ್ನು ಖಾಸಗಿ ಕಿಟಕಿಯಲ್ಲಿ ತೆರೆಯಬೇಕು. ನಾವು ವಿಶೇಷವಾಗಿ ಅನುಮತಿ ಕೊಡದ ಹೊರತು ವಿಸ್ತರಣೆಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ಕುಸಿತವಿಲ್ಲದಿದ್ದರೆ ವಿಸ್ತರಣೆಗಳ ಮೇಲೆ ಸಂದೇಹ ಬಲವಾಗುತ್ತದೆ. ಫೈರ್‌ಫಾಕ್ಸಿನ ಸಹಾಯದ ಪಟ್ಟಿಯಲ್ಲಿ ದೋಷ ಪರಿಹಾರಕ್ಕೆಂದೇ ಒಂದು ವಿಶೇಷ ಸ್ಥಿತಿಯುಂಟು. ಅದು ವಿಸ್ತರಣೆಗಳನ್ನೂ ಗ್ರಾಫಿಕ್ಸ್ ನೆರವನ್ನೂ ಒಟ್ಟಿಗೆ ನಿಲ್ಲಿಸುತ್ತದೆ. ಆದುದರಿಂದ ಅಲ್ಲಿ ಎಲ್ಲವೂ ಸರಿಯಾಗಿ ನಡೆದರೆ ಅಪರಾಧಿ ಈ ಎರಡರಲ್ಲಿ ಯಾವುದೆಂದು ಇನ್ನೂ ಬೇರ್ಪಡಿಸಬೇಕಾಗುತ್ತದೆ. ಹೊಂದಿಕೆಗಳಲ್ಲಿ 'ಹಾರ್ಡ್‌ವೇರ್ ಆಕ್ಸೆಲರೇಷನ್' ಎಂಬುದನ್ನು ಮಾತ್ರ ನಿಲ್ಲಿಸಿ ಬ್ರೌಸರನ್ನು ಮತ್ತೆ ಆರಂಭಿಸಿದಾಗ ವೀಡಿಯೊ ನಿರಾತಂಕವಾಗಿ ನಡೆದರೆ ದೋಷ ಗ್ರಾಫಿಕ್ಸಿನದು; ಡ್ರೈವರನ್ನು ನವೀಕರಿಸಬೇಕು. ಇಲ್ಲವಾದರೆ ವಿಸ್ತರಣೆಗಳ ಕಡೆಗೆ ತಿರುಗೋಣ.

ಹದಿನಾರು ವಿಸ್ತರಣೆಗಳಿವೆಯೆಂದು ಇಟ್ಟುಕೊಳ್ಳೋಣ. ಒಂದೊಂದನ್ನೇ ನಿಲ್ಲಿಸಿ ನೋಡಿದರೆ ಹದಿನೈದು ಪರೀಕ್ಷೆಗಳವರೆಗೂ ಬೇಕಾಗಬಹುದು. ಇದಕ್ಕೆ ಬದಲಾಗಿ ಎಂಟನ್ನು ನಿಲ್ಲಿಸಿ ಎಂಟನ್ನು ಇಟ್ಟುಕೊಂಡು ನೋಡಬೇಕು. ಕುಸಿತ ಮುಂದುವರಿದರೆ ಅಪರಾಧಿ ಉಳಿದ ಎಂಟರಲ್ಲಿದೆ. ನಿಂತರೆ ತೆಗೆದ ಎಂಟರಲ್ಲಿದೆ. ಆ ಎಂಟನ್ನು ನಾಲ್ಕು ನಾಲ್ಕಾಗಿ, ನಾಲ್ಕನ್ನು ಎರಡೆರಡಾಗಿ ಭಾಗಿಸುತ್ತ ಹೋದರೆ ನಾಲ್ಕೇ ಪರೀಕ್ಷೆಗಳಲ್ಲಿ ಒಂದು ಉಳಿಯುತ್ತದೆ. ಮೂವತ್ತೆರಡಕ್ಕೆ ಐದು ಪರೀಕ್ಷೆ ಸಾಕು! ಪ್ರತಿ ಪರೀಕ್ಷೆಯೂ ಸಂದೇಹವನ್ನು ಅರ್ಧಕ್ಕೆ ಇಳಿಸುವುದೇ ಇದರ ಗುಟ್ಟು.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಎರಡು ವಿಸ್ತರಣೆಗಳ ಜಗಳದಿಂದ ಕುಸಿತವಾಗುತ್ತಿದ್ದರೆ, ಅವು ಬೇರೆ ಬೇರೆ ಅರ್ಧಗಳಿಗೆ ಸೇರಿದೊಡನೆ ಎರಡು ಗುಂಪುಗಳೂ ನಿರಪರಾಧಿಗಳಂತೆ ಕಾಣುತ್ತವೆ. ಆಗ ಒಂದು ಗುಂಪನ್ನು ಪೂರ್ಣವಾಗಿ ಇಟ್ಟುಕೊಂಡು ಇನ್ನೊಂದು ಗುಂಪನ್ನು ಮಾತ್ರ ಭಾಗಿಸುತ್ತ ಹೋಗಬೇಕು. ಅನಂತರ ಮೊದಲನೆಯದನ್ನು ಭಾಗಿಸಬೇಕು. ಎರಡನೆಯದಾಗಿ, ಗಂಟೆಗೊಮ್ಮೆ ಕುಸಿಯುವ ಬ್ರೌಸರು ಹತ್ತು ನಿಮಿಷ ಸುಮ್ಮನಿದ್ದ ಮಾತ್ರಕ್ಕೆ ಗುಣವಾಯಿತೆಂದು ತೀರ್ಮಾನಿಸಬಾರದು. ದೋಷ ಎಷ್ಟು ವಿರಳವೋ ಪರೀಕ್ಷೆಯೂ ಅಷ್ಟು ದೀರ್ಘವಾಗಿರಬೇಕು.

ಇಷ್ಟೆಲ್ಲ ಮಾಡಿದರೂ ಕುಸಿತ ನಿಲ್ಲದೆ, ಬ್ರೌಸರಲ್ಲದ ಇತರ ಪ್ರೋಗ್ರಾಮುಗಳೂ ಹಾಗೆಯೇ ಸಾಯುತ್ತಿದ್ದರೆ, ದೋಷವು ಯಂತ್ರದ ಮೆಮೊರಿಯಲ್ಲಿಯೇ ಇರಬಹುದು. ಅದು ದುರಸ್ತಿ ಮಾಡುವವರ ಕೆಲಸ.

ನಂಬಿಕೆಯ ಪ್ರಶ್ನೆ

ಸಿಕ್ಕಿಬಿದ್ದ ವಿಸ್ತರಣೆಯನ್ನು ನಿಲ್ಲಿಸಿದರೆ ಸಾಲದು, ನಿಜವಾಗಿ ಬೇಡವಾದುದನ್ನು ತೆಗೆದೇ ಹಾಕಬೇಕು. ಏಕೆಂದರೆ ಅನೇಕ ವಿಸ್ತರಣೆಗಳಿಗೆ ನಾವು ತೆರೆಯುವ ಪುಟಗಳನ್ನೆಲ್ಲ ಓದುವ ಅಧಿಕಾರವನ್ನು ಯೋಚಿಸದೆ ಕೊಟ್ಟಿರುತ್ತೇವೆ. 'ದಿ ಗ್ರೇಟ್ ಸಸ್ಪೆಂಡರ್' ಎಂಬ ವಿಸ್ತರಣೆಯು ಉಪಯೋಗಿಸದ ಟ್ಯಾಬುಗಳನ್ನು ಮಲಗಿಸಿ ಮೆಮೊರಿಯನ್ನು ಉಳಿಸುತ್ತಿತ್ತು. ಬಹು ಜನಪ್ರಿಯವೂ ಆಗಿತ್ತು. 2020ರಲ್ಲಿ ಅದು ಬೇರೆ ಒಡೆಯರ ಕೈ ಸೇರಿತು. 2021ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಅದರಲ್ಲಿ ದುಷ್ಟ ತಂತ್ರಾಂಶವಿದೆಯೆಂದು ಹೇಳಿ ತನ್ನ ಅಂಗಡಿಯಿಂದ ತೆಗೆದುಹಾಕಿತು. ಹೆಸರು ಬದಲಾಗಿರಲಿಲ್ಲ, ಒಡೆಯರು ಬದಲಾಗಿದ್ದರು. ಕುಸಿಯುವ ವಿಸ್ತರಣೆ ತನ್ನ ದೋಷವನ್ನು ತಾನೇ ತೋರಿಸಿಕೊಡುತ್ತದೆ. ಸದ್ದಿಲ್ಲದೆ ಓದುವ ವಿಸ್ತರಣೆ ಅದಕ್ಕಿಂತ ಅಪಾಯಕರವಾದುದು.

ವಿದ್ಯಾರ್ಥಿಗಳು ಈ ಪರೀಕ್ಷೆಗಳನ್ನು ಅರ್ಜಿಯ ಕಡೆಯ ದಿನಕ್ಕಾಗಿ ಕಾಯದೆ ಬಿಡುವಿನ ಒಂದು ದಿನ ಮಾಡಿ ನೋಡುವುದು ಉತ್ತಮ. ಮಹತ್ವದ ಅರ್ಜಿಯನ್ನು ತುಂಬುವಾಗ ವಿಸ್ತರಣೆಗಳಿಲ್ಲದ ಕಿಟಕಿಯನ್ನು ಉಪಯೋಗಿಸಬೇಕು; ಇತರ ಟ್ಯಾಬುಗಳನ್ನು ಮುಚ್ಚಬೇಕು; ದೀರ್ಘವಾದ ಬರವಣಿಗೆಯನ್ನು ಬೇರೊಂದು ಕಡತದಲ್ಲಿ ಬರೆದು ಉಳಿಸಿಕೊಂಡು ಅನಂತರ ಅಲ್ಲಿಂದ ತಂದು ಸೇರಿಸಬೇಕು. ಮಳೆಯನ್ನೂ ವಿದ್ಯುತ್ತನ್ನೂ ನಾವು ಆಳಲಾರೆವು. ಆದರೆ ಬ್ರೌಸರಿನೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂಬುದು ನಮ್ಮ ಕೈಯಲ್ಲಿಯೇ ಇದೆ.