ವರ್ಷಕ್ಕೊಮ್ಮೆ ಬರುತ್ತಿದ್ದ ಅರ್ಧ ಗಂಟೆ

1965ರ ಡಿಸೆಂಬರ್ 9, ಗುರುವಾರ. ಅಮೆರಿಕದ ಪೂರ್ವ ತೀರದಲ್ಲಿ ರಾತ್ರಿ ಏಳೂವರೆ ಗಂಟೆಯ ಹೊತ್ತು. ಸಿ.ಬಿ.ಎಸ್. ಎಂಬ ಪ್ರಸಾರ ಸಂಸ್ಥೆ ತನ್ನ ವಾಡಿಕೆಯ ಹಾಸ್ಯ ಧಾರಾವಾಹಿಯನ್ನು ಅಂದಿನ ಮಟ್ಟಿಗೆ ಬದಿಗಿರಿಸಿ, ಅರ್ಧ ಗಂಟೆಯ ಕಾರ್ಟೂನ್ ಚಿತ್ರವೊಂದನ್ನು ಬಿತ್ತರಿಸಿತು. ಅದರ ಹೆಸರು 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್'. ಆ ಹೊತ್ತಿನಲ್ಲಿ ದೇಶದಲ್ಲಿ ಚಾಲನೆಯಲ್ಲಿದ್ದ ದೂರದರ್ಶನ ಯಂತ್ರಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಇದೇ ಚಿತ್ರ ಮೂಡಿತ್ತೆಂದು ಮರುದಿನಗಳಲ್ಲಿ ತಿಳಿದುಬಂದಾಗ ಎಲ್ಲರಿಗಿಂತ ಹೆಚ್ಚು ಅಚ್ಚರಿಪಟ್ಟವರು ಅದನ್ನು ತಯಾರಿಸಿದವರೇ. ಚಿತ್ರ ಮುಗಿದ ದಿನ, ತಾವು ಚಾರ್ಲಿ ಬ್ರೌನನ ಹೆಸರು ಕೆಡಿಸಿಬಿಟ್ಟೆವೆಂದೇ ಅವರು ಭಾವಿಸಿದ್ದರು.

ಅವರು ಹಾಗೆ ಭಾವಿಸಲು ಕಾರಣಗಳಿದ್ದವು. ಚಾರ್ಲ್ಸ್ ಶುಲ್ಜ್ ಎಂಬ ವ್ಯಂಗ್ಯಚಿತ್ರಕಾರ 1950ರ ಅಕ್ಟೋಬರದಿಂದ ಪತ್ರಿಕೆಗಳಲ್ಲಿ ಬರೆಯುತ್ತಿದ್ದ 'ಪೀನಟ್ಸ್' ಎಂಬ ಚಿತ್ರಮಾಲೆ ಆ ವೇಳೆಗೆ ಮನೆಮಾತಾಗಿದ್ದುದೇನೋ ನಿಜ. ಕಡಲೆಕಾಯಿ ಎಂಬರ್ಥದ ಆ ಹೆಸರು ಪ್ರಕಾಶಕರು ಇಟ್ಟದ್ದು. ಶುಲ್ಜ್ ಅವರಿಗೆ ಅದು ಕೊನೆಯವರೆಗೂ ಹಿಡಿಸಲಿಲ್ಲ. ಕೈಹಾಕಿದ ಕೆಲಸದಲ್ಲೆಲ್ಲ ಸೋಲುವ ಚಾರ್ಲಿ ಬ್ರೌನ್ ಎಂಬ ಹುಡುಗ, ಸದಾ ಹೊದಿಕೆಯೊಂದನ್ನು ಎದೆಗವಚಿಕೊಂಡಿರುವ ಅವನ ಗೆಳೆಯ ಲೈನಸ್, ತನ್ನನ್ನು ತಾನು ಏನೇನೋ ಎಂದುಕೊಳ್ಳುವ ಸ್ನೂಪಿ ಎಂಬ ನಾಯಿ, ಇವರೇ ಅದರ ಪಾತ್ರಗಳು. ಕೋಕಾ-ಕೋಲಾ ಕಂಪನಿ ಕ್ರಿಸ್‌ಮಸ್ ಕಾಲಕ್ಕೆ ಒಂದು ಕಾರ್ಯಕ್ರಮವನ್ನು ಪ್ರಾಯೋಜಿಸಲು ಬಯಸಿದಾಗ, ನಿರ್ಮಾಪಕ ಲೀ ಮೆಂಡೆಲ್ಸನ್, ನಿರ್ದೇಶಕ ಬಿಲ್ ಮೆಲೆಂಡೆಜ್ ಮತ್ತು ಶುಲ್ಜ್ ಈ ಮೂವರೂ ಕೂಡಿ ಕೆಲವೇ ತಿಂಗಳಲ್ಲಿ ಚಿತ್ರವನ್ನು ಪೂರೈಸಬೇಕಾಯಿತು. ಮಕ್ಕಳ ಪಾತ್ರಗಳಿಗೆ ನಿಜವಾದ ಮಕ್ಕಳಿಂದಲೇ ಮಾತಾಡಿಸಿದರು. ಚಾರ್ಲಿಯ ತಂಗಿಯ ಪಾತ್ರಕ್ಕೆ ದನಿ ಕೊಟ್ಟ ಮಗುವಿಗೆ ಓದಲೂ ಬರುತ್ತಿರಲಿಲ್ಲವಾದ ಕಾರಣ ಒಂದೊಂದೇ ತುಣುಕು ಮಾತನ್ನು ಹೇಳಿಕೊಟ್ಟು, ಅದು ತಿರುಗಿ ಹೇಳಿದ್ದನ್ನು ಮುದ್ರಿಸಿಕೊಂಡು ಆಮೇಲೆ ಜೋಡಿಸಿದರು. ಆ ಕಾಲದ ಹಾಸ್ಯ ಕಾರ್ಯಕ್ರಮಗಳಿಗೆ ಕಡ್ಡಾಯವೆಂಬಂತಿದ್ದ ಕೃತಕ ನಗೆಯ ಧ್ವನಿಯನ್ನು ಸೇರಿಸಲು ಶುಲ್ಜ್ ಒಪ್ಪಲಿಲ್ಲ. ಹಿನ್ನೆಲೆಗೆ ವಿನ್ಸ್ ಗ್ವರಾಲ್ಡಿಯ ಜಾಝ್ ಪಿಯಾನೋ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರಿಸ್ತನ ಜನನದ ವೃತ್ತಾಂತವನ್ನು ಲೂಕನ ಸುವಾರ್ತೆಯಲ್ಲಿರುವಂತೆಯೇ ಲೈನಸ್ ವೇದಿಕೆಯ ನಡುವೆ ನಿಂತು ಹೇಳಬೇಕೆಂದು ಹಟ ಹಿಡಿದರು. ಚಿತ್ರವನ್ನು ಮುಂಚಿತವಾಗಿ ನೋಡಿದ ಸಂಸ್ಥೆಯ ಅಧಿಕಾರಿಗಳಿಗೆ ಅದು ತೀರ ನಿಧಾನವೆನಿಸಿತು, ಸಂಗೀತ ಹೊಂದುವುದಿಲ್ಲವೆನಿಸಿತು. ಆದರೆ ಪ್ರಸಾರದ ದಿನಾಂಕ ಆಗಲೇ ಘೋಷಣೆಯಾಗಿತ್ತು.

ಮುಂದಿನ ವರ್ಷ ಆ ಚಿತ್ರಕ್ಕೆ ಎಮ್ಮಿ ಮತ್ತು ಪೀಬಡಿ ಪ್ರಶಸ್ತಿಗಳೆರಡೂ ದೊರೆತವು. ಕ್ರಿಸ್‌ಮಸ್ ಹಬ್ಬವು ವ್ಯಾಪಾರಿಗಳ ಪಾಲಾಯಿತೆಂದು ಕೊರಗುವ ಹುಡುಗನ ಕಥೆಗೆ ತಂಪು ಪಾನೀಯದ ವ್ಯಾಪಾರಿಯೇ ಹಣ ಹಾಕಿದ್ದನೆಂಬುದು ಗಮನಿಸಬೇಕಾದ ಸಂಗತಿ. ಮೊದಲ ಪ್ರಸಾರದಲ್ಲಿ ಹಿಮದ ಮೇಲೆ ಜಾರಾಟ ನಡೆಯುವಾಗ ಲೈನಸ್ ಹೋಗಿ ಬಡಿಯುತ್ತಿದ್ದುದು ಕೋಕಾ-ಕೋಲಾದ ಫಲಕಕ್ಕೇ! ಆ ತುಣುಕನ್ನು ಮುಂದೆ ಕತ್ತರಿಸಿದರು.

ಇದು ಒಂಟಿ ಕೃತಿಯಲ್ಲ. ಇದಕ್ಕೆ ಒಂದು ವರ್ಷ ಮೊದಲೇ, 1964ರ ಡಿಸೆಂಬರ್ 6ರಂದು, ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಕಥೆ ಎನ್.ಬಿ.ಸಿ. ಸಂಸ್ಥೆಯಲ್ಲಿ ಬಂದಿತ್ತು. ಅದು ಬರೆದ ಚಿತ್ರವಲ್ಲ, ಬೊಂಬೆಯಾಟ. ಜಪಾನಿನ ತಾದಾಹಿತೊ ಮೊಚಿನಾಗಾ ಅವರ ಕಾರ್ಯಾಗಾರದಲ್ಲಿ ಪುಟ್ಟ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸುತ್ತ, ಪ್ರತಿ ಸಲವೂ ಒಂದೊಂದು ಚಿತ್ರ ತೆಗೆಯುತ್ತ ಅದನ್ನು ಸಿದ್ಧಪಡಿಸಿದರು. 1966ರ ಅಕ್ಟೋಬರ್ 27ರಂದು ಹ್ಯಾಲೋವೀನ್ ಹಬ್ಬಕ್ಕೆ ಚಾರ್ಲಿ ಬ್ರೌನನ ಇನ್ನೊಂದು ಕಥೆ ಬಂತು. ಅದೇ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸನ್ನೇ ಕದಿಯಲೆತ್ನಿಸಿದ ಗ್ರಿಂಚ್ ಬಂದ. 1973ರ ನವೆಂಬರ್ 20ರಂದು ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮತ್ತೆ ಚಾರ್ಲಿ ಬ್ರೌನ್.

ಹ್ಯಾಲೋವೀನ್ ಕಥೆಯಲ್ಲಿ ಮಕ್ಕಳೆಲ್ಲ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುತ್ತಾರೆ. ಎಲ್ಲರ ಚೀಲಕ್ಕೂ ಮಿಠಾಯಿ ಬಿದ್ದರೆ ಚಾರ್ಲಿ ಬ್ರೌನನ ಚೀಲಕ್ಕೆ ಮಾತ್ರ ಕಲ್ಲು ಬೀಳುತ್ತದೆ. ಪ್ರಸಾರವಾದ ಮೇಲೆ ದೇಶದ ನಾನಾ ಕಡೆಗಳಿಂದ ಮಕ್ಕಳು ಚಾರ್ಲಿ ಬ್ರೌನನಿಗೆಂದು ಮಿಠಾಯಿ ಕಳುಹಿಸತೊಡಗಿದರು. ಒಂದು ರಾಷ್ಟ್ರದ ಮಕ್ಕಳು ಒಂದೇ ಇರುಳು, ಒಂದೇ ಹೊತ್ತಿನಲ್ಲಿ, ಒಬ್ಬನೇ ಹುಡುಗನಿಗಾಗಿ ಮರುಗಿದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಚಿತ್ರಗಳ ಸೊಗಸು ಎಷ್ಟರಮಟ್ಟಿಗೆ ಅವುಗಳ ಕಲೆಯಲ್ಲಿತ್ತು, ಎಷ್ಟರಮಟ್ಟಿಗೆ ಅವು ಬರುತ್ತಿದ್ದ ರೀತಿಯಲ್ಲಿತ್ತು ಎಂಬುದು ವಿಚಾರಾರ್ಹ. ಮೈಸೂರು ಸೀಮೆಯ ಮನೆಗಳಲ್ಲಿ ದಸರೆಯ ಬೊಂಬೆಗಳು ವರ್ಷವಿಡೀ ಪೆಟ್ಟಿಗೆಯಲ್ಲಿ ಮಲಗಿದ್ದು, ನವರಾತ್ರಿಗೆ ಮಾತ್ರ ಹೊರಬರುತ್ತವಷ್ಟೆ? ಪಟ್ಟದ ಬೊಂಬೆಯ ಮುಖವನ್ನು ಮನೆಯ ಮಕ್ಕಳು ಕಳೆದ ವರ್ಷ ನೋಡಿದ್ದಾರೆ, ಅದರ ಹಿಂದಿನ ವರ್ಷವೂ ನೋಡಿದ್ದಾರೆ. ಆದರೂ ಪೆಟ್ಟಿಗೆಯ ಮುಚ್ಚಳ ತೆಗೆಯುವಾಗ ಸುತ್ತ ನೆರೆಯುತ್ತಾರೆ. ಅಮೆರಿಕದ ಮನೆಗಳಲ್ಲಿ ಈ ಕಾರ್ಟೂನುಗಳ ಸ್ಥಾನ ಹೆಚ್ಚುಕಡಿಮೆ ಇದೇ ಆಗಿತ್ತು. ಮನೆಗಳಲ್ಲಿ ವಿಡಿಯೋ ಮುದ್ರಣ ಯಂತ್ರವಿಲ್ಲದ ಆ ದಿನಗಳಲ್ಲಿ ಗೊತ್ತಾದ ರಾತ್ರಿ ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು. ಪತ್ರಿಕೆಯಲ್ಲಿ ದಿನಾಂಕ ನೋಡಿಟ್ಟುಕೊಂಡು, ಬೇಗನೆ ಊಟ ಮುಗಿಸಿ, ಸ್ನಾನ ಮಾಡಿ, ರಾತ್ರಿಯುಡುಪು ತೊಟ್ಟು ಮಕ್ಕಳು ಯಂತ್ರದ ಮುಂದೆ ಕುಳಿತುಕೊಳ್ಳುತ್ತಿದ್ದರು. ವಿಶೇಷ ಪ್ರಸಾರವೆಂದು ಸಾರುವ ಬಣ್ಣಬಣ್ಣದ ಅಕ್ಷರಗಳು ಡೋಲಿನ ಸದ್ದಿನೊಡನೆ ತೆರೆಯ ಮೇಲೆ ಗಿರ್ರನೆ ತಿರುಗಿ ಬರುವುದೇ ಸಿ.ಬಿ.ಎಸ್. ಸಂಸ್ಥೆಯಲ್ಲಿ ಎಪ್ಪತ್ತರ ಮತ್ತು ಎಂಬತ್ತರ ದಶಕದ ಹಬ್ಬದ ನಾಂದಿ.

ಮನೆಯ ಮೇಲೊಂದು ಆಂಟೆನಾ ಇದ್ದವರಿಗೆಲ್ಲ ಇದು ಉಚಿತ. ಉಚಿತವೆಂದರೆ ವರ್ತಕರ ಜಾಹೀರಾತನ್ನು ಸಹಿಸಿಕೊಳ್ಳುವುದೇ ಅದರ ಬೆಲೆ. ಈ ಬೆಲೆ ಕ್ರಮೇಣ ಏರುತ್ತಲೂ ಹೋಯಿತು. ಜಾಹೀರಾತುಗಳಿಗೆ ಎಡೆ ಮಾಡಿಕೊಡಲು ಚಿತ್ರದ ದೃಶ್ಯಗಳನ್ನೇ ಅಲ್ಲಲ್ಲಿ ಕತ್ತರಿಸುತ್ತ ಬಂದರು; 1965ರಲ್ಲಿ ಸುಮಾರು ಇಪ್ಪತ್ತೈದು ನಿಮಿಷವಿದ್ದ ಕೃತಿ ಹಲವು ವರ್ಷ ಅಂಗಹೀನವಾಗಿಯೇ ಬಂತು. 2001ರಲ್ಲಿ ಪೀನಟ್ಸ್ ಚಿತ್ರಗಳು ಸಿ.ಬಿ.ಎಸ್. ಬಿಟ್ಟು ಎ.ಬಿ.ಸಿ. ಸಂಸ್ಥೆಗೆ ಬಂದವು. ಕಳೆದ ಕಾಲವನ್ನು ಚಿನ್ನದಂತೆ ಬಣ್ಣಿಸುವವರು ಈ ಕತ್ತರಿಯ ಮಾತನ್ನು ಮರೆಯುವುದುಂಟು.

ಆದರೂ ಜನರಿಗೆ ಆ ಹೊತ್ತಿನ ಮೇಲೆ ಎಂಥ ಮಮತೆಯಿತ್ತೆಂದರೆ, 2009ರ ಡಿಸೆಂಬರ್ 1ರಂದು ಅಧ್ಯಕ್ಷ ಒಬಾಮಾ ಆಫ್ಘಾನಿಸ್ತಾನದ ಯುದ್ಧದ ಬಗ್ಗೆ ರಾಷ್ಟ್ರವನ್ನುದ್ದೇಶಿಸಿ ಮಾತಾಡಿದ ಕಾರಣ ಚಾರ್ಲಿ ಬ್ರೌನ್ ಒಂದು ವಾರ ಮುಂದೆ ಹೋಗಬೇಕಾದಾಗ, ಅದೇ ಒಂದು ಸುದ್ದಿಯಾಯಿತು. ಆ ವೇಳೆಗೆ ಬೇಕೆಂದವರು ಬೇಕಾದಾಗ ನೋಡಿಕೊಳ್ಳಲು ಅಂಗಡಿಯಲ್ಲಿ ತಟ್ಟೆಗಳು ದೊರೆಯುತ್ತಿದ್ದವು. ಚಿತ್ರವನ್ನು ಕೊಳ್ಳಬಹುದಾಗಿತ್ತು, ಎಲ್ಲರೊಡನೆ ಏಕಕಾಲಕ್ಕೆ ನೋಡುವ ಸುಖವನ್ನು ಕೊಳ್ಳುವ ಅಂಗಡಿ ಇರಲಿಲ್ಲ.

2020ರ ಅಕ್ಟೋಬರದಲ್ಲಿ ಈ ವ್ಯವಸ್ಥೆ ಮುರಿಯಿತು. ಗಣಕಯಂತ್ರ ಮತ್ತು ದೂರವಾಣಿಗಳನ್ನು ತಯಾರಿಸುವ ಆ್ಯಪಲ್ ಕಂಪನಿಯು ಪೀನಟ್ಸಿನ ಹಕ್ಕುದಾರರೊಡನೆ ಒಪ್ಪಂದ ಮಾಡಿಕೊಂಡು, ಹಬ್ಬದ ಈ ಚಿತ್ರಗಳೆಲ್ಲ ತನ್ನ ಸ್ಟ್ರೀಮಿಂಗ್ ಸೇವೆಗೆ ಮಾತ್ರ ಸೇರಿದವೆಂದು ಸಾರಿತು. ಸ್ಟ್ರೀಮಿಂಗ್ ಎಂದರೆ ಅಂತರಜಾಲದ ಮೂಲಕ ಚಂದಾದಾರರಿಗೆ ಅವರು ಬಯಸಿದ ಕ್ಷಣದಲ್ಲಿ ಚಿತ್ರವನ್ನು ಒದಗಿಸುವ ಏರ್ಪಾಡು. ಚಂದಾ ಕಟ್ಟದವರಿಗೂ ಹಬ್ಬದ ಸಮಯದಲ್ಲಿ ಎರಡು ಮೂರು ದಿನ ಬಾಗಿಲು ತೆರೆದಿಡುವುದಾಗಿ ಕಂಪನಿ ಹೇಳಿತು. ನಿರ್ಮಾಪಕ ಮೆಂಡೆಲ್ಸನ್ ಇದನ್ನು ಕಾಣಲಿಲ್ಲ. ಅವರು ಅದರ ಹಿಂದಿನ ವರ್ಷ, 2019ರ ಡಿಸೆಂಬರ್ 25ರಂದು, ಸರಿಯಾಗಿ ಕ್ರಿಸ್‌ಮಸ್ ದಿನವೇ ತೀರಿಕೊಂಡಿದ್ದರು. ಶುಲ್ಜ್ 2000ದಲ್ಲಿಯೂ ಮೆಲೆಂಡೆಜ್ 2008ರಲ್ಲಿಯೂ ಗತಿಸಿದ್ದರು.

ಆ ವರ್ಷದ ಹ್ಯಾಲೋವೀನ್ ಬಂತು, ಹೋಯಿತು. ಐವತ್ತಕ್ಕೂ ಹೆಚ್ಚು ವರ್ಷಗಳ ಬಳಿಕ ಮೊದಲ ಬಾರಿಗೆ ಆಂಟೆನಾ ಮಾತ್ರ ಉಳ್ಳವರ ಮನೆಯಲ್ಲಿ ಚಾರ್ಲಿ ಬ್ರೌನ್ ಕಾಣಿಸಲಿಲ್ಲ. ಮಹಾಮಾರಿಯ ಕಾಲ ಬೇರೆ. ಮೊಮ್ಮಕ್ಕಳು ಅಜ್ಜ ಅಜ್ಜಿಯರ ಮನೆಗೆ ಹೋಗುವಂತಿಲ್ಲ. ಹಬ್ಬದ ಕೂಟಗಳು ನಿಂತಿದ್ದವು. ಉಳಿದಿದ್ದ ಒಂದು ವಾಡಿಕೆಯೂ ಕೈಬಿಟ್ಟು ಹೋದುದಕ್ಕೆ ಜನ ಸುಮ್ಮನಿರಲಿಲ್ಲ. ಚಿತ್ರಗಳನ್ನು ಮರಳಿ ಸಾರ್ವಜನಿಕ ಪ್ರಸಾರಕ್ಕೆ ಕೊಡಬೇಕೆಂಬ ಮನವಿಗೆ ಎರಡೂವರೆ ಲಕ್ಷಕ್ಕೂ ಮಿಕ್ಕಿ ಸಹಿ ಬಿದ್ದವು. ಇದನ್ನು ಬಾಲಿಶವೆಂದು ನಕ್ಕವರೂ ಇದ್ದಾರು. ಆದರೆ ಅಂತರಜಾಲದ ಸೌಕರ್ಯ ಸರಿಯಾಗಿ ತಲಪದ ಹಳ್ಳಿಗಾಡು ಅಮೆರಿಕದಲ್ಲಿಯೂ ಇದೆ. ಆಂಟೆನಾ ತಿರುಗಿಸಬಲ್ಲ ಮುದುಕಿಯೆಲ್ಲರೂ ಖಾತೆ ತೆರೆದು ಗುಪ್ತಸಂಕೇತ ನೆನಪಿಟ್ಟುಕೊಳ್ಳಬಲ್ಲವರಲ್ಲ. ತಿಂಗಳ ಚಂದಾ ಅಲ್ಪವೇ ಇರಬಹುದು. ಅದಕ್ಕೆ ಮುಂಚೆ ಬೇಕಾಗುವ ಯಂತ್ರ, ಸಂಪರ್ಕಗಳ ವೆಚ್ಚ ಅಲ್ಪವಲ್ಲ.

ಕಂಪನಿ ಬಗ್ಗಿತು. ನವೆಂಬರಿನಲ್ಲಿ ಪಿ.ಬಿ.ಎಸ್. ಎಂಬ ಸಾರ್ವಜನಿಕ ಪ್ರಸಾರ ಸಂಸ್ಥೆಯೊಡನೆ ಒಡಂಬಡಿಕೆಯಾಗಿ, ಥ್ಯಾಂಕ್ಸ್‌ಗಿವಿಂಗ್ ಚಿತ್ರ 2020ರ ನವೆಂಬರ್ 22ರಂದು, ಕ್ರಿಸ್‌ಮಸ್ ಚಿತ್ರ ಡಿಸೆಂಬರ್ 13ರಂದು, ಒಂದೂ ಜಾಹೀರಾತಿಲ್ಲದೆ ಪ್ರಸಾರವಾದವು. 2021ರಲ್ಲಿಯೂ ಹಾಗೆಯೇ ನಡೆಯಿತು. 2022ರಲ್ಲಿ ಆ ಒಡಂಬಡಿಕೆ ಮುಂದುವರಿಯಲಿಲ್ಲ. ಸಹಿ ಸಂಗ್ರಹದ ಗದ್ದಲವೂ ಮತ್ತೆ ಅಷ್ಟು ಜೋರಾಗಿ ಏಳಲಿಲ್ಲ. ಜನ ಎರಡೇ ವರ್ಷಗಳಲ್ಲಿ ಒಗ್ಗಿಕೊಂಡರೆಂಬುದೇ ಈ ಪ್ರಕರಣದಲ್ಲಿ ಹೆಚ್ಚು ಯೋಚಿಸಬೇಕಾದ ಅಂಶ.

ಹೊಸ ಏರ್ಪಾಡಿನಲ್ಲಿ ಚಿತ್ರಕ್ಕೆ ಅನ್ಯಾಯವಾಗಿದೆಯೆನ್ನುವಂತಿಲ್ಲ. ಅದು ಪೂರ್ಣವಾಗಿದೆ, ನಡುವೆ ಸೋಪು ಮಾರುವವರು ಬಾಯಿ ಹಾಕುವುದಿಲ್ಲ, ಬಣ್ಣ ಸ್ವಚ್ಛವಾಗಿದೆ. ಬೇಕಾದರೆ ಆಷಾಢದಲ್ಲಿಯೂ ನೋಡಬಹುದು. ಆಷಾಢದಲ್ಲಿ ನೋಡಬಹುದಾದುದನ್ನು ಡಿಸೆಂಬರಿಗಾಗಿ ಕಾಯುವವರು ಎಷ್ಟು ಮಂದಿ? ಒಂದೇ ಮನೆಯೊಳಗೆ ಅಣ್ಣ ಬುಧವಾರ ಕೈಯಲ್ಲಿನ ದೂರವಾಣಿಯಲ್ಲಿ, ತಂಗಿ ಭಾನುವಾರ ಇನ್ನೊಂದು ಕೋಣೆಯಲ್ಲಿ ನೋಡುತ್ತಾರೆ. ಮರುದಿನ ಶಾಲೆಯಲ್ಲಿ ಎಲ್ಲರೂ ಒಟ್ಟಿಗೆ ಆಡಿಕೊಳ್ಳುವ ಮಾತು ಅದಾಗಿ ಉಳಿಯುವುದಿಲ್ಲ. ಕಂಪನಿ ತೆರೆದಿಡುವ ಎರಡು ದಿನದ ಬಾಗಿಲು ಉದಾರವಾದುದೇ ಇರಬಹುದು. ಆದರೆ ಆ ಬಾಗಿಲಿನ ಅಗುಳಿ ಒಬ್ಬ ವರ್ತಕನ ಕೈಯಲ್ಲಿದೆ. ಮೊದಲು ಅದು ಮೂರು ನಾಲ್ಕು ವರ್ತಕರ ಕೈಯಲ್ಲಿತ್ತು ಎಂಬಷ್ಟೇ ವ್ಯತ್ಯಾಸವೆಂದು ವಾದಿಸುವವರಿಗೂ ಉತ್ತರ ಹೇಳುವುದು ಸುಲಭವಲ್ಲ.

ಅದೇ 2020ರಲ್ಲಿ ಭಾರತದಲ್ಲಿ ಇದಕ್ಕೆ ತೀರ ವಿರುದ್ಧವಾದ ದೃಶ್ಯ ಕಂಡುಬಂತು. ದೇಶವಿಡೀ ಮನೆಯೊಳಗೆ ಕುಳಿತಿದ್ದ ಮಾರ್ಚ್ 28ರಿಂದ, 1987ರಲ್ಲಿ ಮೊದಲು ಬಂದಿದ್ದ ರಮಾನಂದ ಸಾಗರರ 'ರಾಮಾಯಣ'ವನ್ನು ಸರಕಾರಿ ದೂರದರ್ಶನ ಮತ್ತೆ ಬಿತ್ತರಿಸಿತು. ಆ ವೇಳೆಗೆ ಅದರ ಕಂತುಗಳು ಅಂತರಜಾಲದಲ್ಲಿ ಸಿಗುತ್ತಿರಲಿಲ್ಲವೆಂದಲ್ಲ. ಆದರೂ ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಜನ ಕೋಟಿಗಟ್ಟಲೆ ಕುಳಿತು ನೋಡಿದರು. ಮುಂಬಯಿಯ ಚಾಳುಗಳಲ್ಲಿ ಇಡೀ ಮಹಡಿಗೊಂದೇ ಯಂತ್ರವಿದ್ದ ಕಾಲವನ್ನು ಬಲ್ಲ ಹಿರಿಯರಿಗೆ ಇದರ ಅರ್ಥವನ್ನು ವಿವರಿಸಬೇಕಾದುದಿಲ್ಲ. ಆಗುಂಬೆಯಲ್ಲಿ ಶಂಕರನಾಗ್ ಚಿತ್ರಿಸಿದ 'ಮಾಲ್ಗುಡಿ ಡೇಸ್' 1986ರಲ್ಲಿ ಬಂದಾಗ, ಹಿಂದಿ ಮಾತಾಡುವ ಆ ಊರಿನ ಹಂಚಿನ ಮಾಡು ಕಂಡು ಅದು ತಮ್ಮದೇ ಮಲೆನಾಡೆಂದು ನೆರೆಯವರಿಗೆ ಹೇಳಿಕೊಳ್ಳಲು, ನೆರೆಯವರೂ ಅದೇ ಹೊತ್ತಿಗೆ ಅದನ್ನೇ ನೋಡುತ್ತಿರಬೇಕಾಗಿತ್ತು.

ಅಮೆರಿಕದಲ್ಲಿ ಎಲ್ಲವೂ ಚಂದಾದ ಪಾಲಾಗಿಲ್ಲ. ಬೊಂಬೆಯಾಟದ ರುಡಾಲ್ಫ್ ಇನ್ನೂ ಆಂಟೆನಾದ ಆಶ್ರಯದಲ್ಲಿದ್ದಾನೆ. ಅವನ ಚಿತ್ರದ ಹಕ್ಕುಸ್ವಾಮ್ಯದ ಸೂಚನೆಯಲ್ಲಿ ರೋಮನ್ ಅಂಕಿಯೊಂದು ಬಿಟ್ಟುಹೋಗಿ, 1964ಕ್ಕೆ ಬದಲು 1164 ಎಂದು ಅಚ್ಚಾಗಿರುವುದು ಬಲ್ಲವರಿಗೆ ಇಂದಿಗೂ ವಿನೋದದ ವಿಷಯ. ಚಿತ್ರಣದಲ್ಲಿ ಬಳಸಿದ ರುಡಾಲ್ಫ್ ಮತ್ತು ಸಾಂಟಾ ಕ್ಲಾಸನ ಮೂಲ ಬೊಂಬೆಗಳು 2020ರ ನವೆಂಬರಿನಲ್ಲಿ 3,68,000 ಡಾಲರುಗಳಿಗೆ ಹರಾಜಾದವು. ಕೊಂಡವರು ಅವುಗಳನ್ನು ತಿಜೋರಿಯಲ್ಲಿಡದೆ, ಸಾರ್ವಜನಿಕರು ನೋಡುವಂತೆ ಅಟ್ಲಾಂಟಾ ನಗರದ ಬೊಂಬೆಯಾಟದ ಸಂಗ್ರಹಾಲಯಕ್ಕೆ ಒಪ್ಪಿಸಿದರು. 1972ರಿಂದ ಐವತ್ತೆರಡು ಡಿಸೆಂಬರುಗಳ ಕಾಲ ಸಿ.ಬಿ.ಎಸ್. ಸಂಸ್ಥೆಯಲ್ಲಿದ್ದ ಚಿತ್ರ, 2024ರಲ್ಲಿ ತಾನು ಹುಟ್ಟಿದ ಎನ್.ಬಿ.ಸಿ. ಸಂಸ್ಥೆಗೆ ಮರಳಿತು. ಆ ವರ್ಷ ಅದು ಬಿತ್ತರವಾದುದು ಡಿಸೆಂಬರ್ 6ರ ರಾತ್ರಿ, ಮೊದಲ ಪ್ರಸಾರವಾಗಿ ಅರವತ್ತು ವರ್ಷ ತುಂಬಿದ ದಿನ; ನಡುನಡುವೆ ಜಾಹೀರಾತುಗಳೂ ಇದ್ದವು.